ಚಿಪ್ಪಿಕಲ್ಲು ಕಲಿಸಿದ ಪಾಠ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ಫೋನ್ ಮಾಡಿದಾಗ, "ಸಾಫ್ಟ್‌ವೇರ್ ಬಗ್ಗೆ, ಕೆಲಸ ಹಿಡಿಯುವುದರ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು" ಎಂದಿದ್ದರು. ನಾನು ಚಿಪ್ಪಿಕಲ್ಲಿನ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಅದಕ್ಕೆ ಬೆಂಗಳೂರಿನಿಂದ ಬರಬೇಕೇನೋ, ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರಲ್ಲ" ಎಂದರು. ಅದು ನಿಜವೇ. ಚಿಪ್ಪಿ ಎಲ್ಲಿ ಸಿಗುತ್ತದೆ, ಯಾವ ಇಳಿತದಲ್ಲಿ ಹೋಗಬೇಕು ಎನ್ನುವುದನ್ನು ಇಲ್ಲಿ ಕುಳಿತ ತಾಯಂದಿರಿಗೆ ನಾನು ಹೇಳಬೇಕಾದ್ದಿಲ್ಲ. ನಾನು ಹೇಳಲು ಬಂದಿರುವುದು ಬೇರೆ ದೇಶದ ಚಿಪ್ಪಿಯ ಕತೆ. ಅದನ್ನು ಓದಿದ ಮೇಲೆ ನಮ್ಮ ಅಳಿವೆಯನ್ನು ನಾನು ನೋಡುವ ರೀತಿ ಬದಲಾಯಿತು. ಆದ್ದರಿಂದ ಹೇಳುತ್ತಿದ್ದೇನೆ.

ಅದಕ್ಕೂ ಮೊದಲು ಈ ಶಾಲೆಯದೇ ಒಂದು ಪ್ರಸಂಗ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ವಿಜ್ಞಾನದ ಅಕ್ಕೋರು, "ನಾಳೆ ಎಲ್ಲರೂ ಒಂದೊಂದು ಖಾಲಿ ಚಿಪ್ಪು ತನ್ನಿ" ಎಂದರು. ಆಮ್ಲ ಮತ್ತು ಕಾರ್ಬೊನೇಟ್ ಪಾಠ ನಡೆಯುತ್ತಿತ್ತು. ನಮ್ಮ ಮನೆಯ ಹಿಂದೆ ಚಿಪ್ಪಿನ ರಾಶಿಯೇ ಇತ್ತು. ಅಮ್ಮ ದಿನವೂ ಇಳಿತದ ಹೊತ್ತಿಗೆ ಕೆಸರಿಗೆ ಇಳಿದು ಚಿಪ್ಪಿ ಆರಿಸಿ, ಬೇಯಿಸಿ, ಮಾಂಸ ಬಿಡಿಸಿ ಮಾರುತ್ತಿದ್ದಳು. ಆದರೂ ಮರುದಿನ ನಾನು ಬರಿಗೈಯಲ್ಲಿ ಬಂದೆ. ಕೇಳಿದಾಗ "ಸಿಗಲಿಲ್ಲ ಅಕ್ಕೋರೇ" ಎಂದೆ. ಚಿಪ್ಪು ತಂದರೆ ಅಮ್ಮನ ಕೆಲಸ ಯಾವುದೆಂದು ತರಗತಿಗೆಲ್ಲ ಗೊತ್ತಾಗುತ್ತದೆ ಎಂಬ ನಾಚಿಕೆ ನನಗೆ. ಗೊತ್ತಿಲ್ಲದವರು ಯಾರೂ ಇರಲಿಲ್ಲ, ಆ ಮಾತು ಬೇರೆ.

ಅಕ್ಕೋರು ಬೇರೆಯವರು ತಂದ ಚಿಪ್ಪಿನ ಮೇಲೆ ನಿಂಬೆರಸ ಹಿಂಡಿದರು. ಸಣ್ಣ ಗುಳ್ಳೆಗಳು ಎದ್ದವು. ಇನ್ನೊಂದು ಚಿಪ್ಪನ್ನು ಪ್ರನಾಳದಲ್ಲಿಟ್ಟು ಆಮ್ಲ ಹಾಕಿ, ಬಂದ ಅನಿಲವನ್ನು ಸುಣ್ಣದ ತಿಳಿನೀರಿಗೆ ಬಿಟ್ಟರು. ತಿಳಿನೀರು ಹಾಲಿನಂತೆ ಬೆಳ್ಳಗಾಯಿತು. "ಈ ಅನಿಲ ಇಂಗಾಲದ ಡೈಆಕ್ಸೈಡ್. ನಮ್ಮ ಊರಲ್ಲಿ ಸುಣ್ಣ ಸುಡುವುದು ಇದೇ ಚಿಪ್ಪಿನಿಂದ. ಹಾಗಾಗಿ ಆ ತಿಳಿನೀರೂ ಚಿಪ್ಪಿಯೇ, ಈ ಚಿಪ್ಪೂ ಚಿಪ್ಪಿಯೇ" ಎಂದು ನಕ್ಕರು. ಅದು ಎರಡು ಅಂಕದ ಪ್ರಶ್ನೆ ಎಂದಷ್ಟೇ ನಾನು ಬರೆದುಕೊಂಡೆ. ಅದರೊಳಗೆ ಏನಿತ್ತು ಎಂದು ತಿಳಿಯಲು ನನಗೆ ಇನ್ನೂ ಹದಿನೈದು ವರ್ಷ ಬೇಕಾಯಿತು.

ಈಗ ಆ ಬೇರೆ ದೇಶದ ಕತೆಗೆ ಬರುತ್ತೇನೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಓರೆಗಾನ್ ಎಂಬ ರಾಜ್ಯವಿದೆ. ಅಲ್ಲಿ ನೆಟಾರ್ಟ್ಸ್ ಎಂಬ ಸಣ್ಣ ಕೊಲ್ಲಿಯ ದಂಡೆಯ ಮೇಲೆ ವಿಸ್ಕಿ ಕ್ರೀಕ್ ಎಂಬ ಹೆಸರಿನ ಮರಿ ಸಾಕಣೆ ಕೇಂದ್ರವಿದೆ. ಅಲ್ಲಿಯವರು ಸಿಂಪಿಯ ಮರಿಗಳನ್ನು ತೊಟ್ಟಿಯಲ್ಲಿ ಬೆಳೆಸಿ ಸಾಕಣೆದಾರರಿಗೆ ಮಾರುತ್ತಾರೆ. ನಮ್ಮಲ್ಲಿ ಭತ್ತದ ಸಸಿ ಮಡಿ ಹಾಕಿದ ಹಾಗೆ ಎಂದುಕೊಳ್ಳಿ. ಅಲ್ಲಿ ಸಾಕುವ ಸಿಂಪಿ ಮೂಲತಃ ಜಪಾನಿನ ಕಡೆಯದು. ಆ ಕರಾವಳಿಯ ನೀರು ಬಹಳ ಕಡೆ ತುಂಬ ತಣ್ಣಗಿರುವುದರಿಂದ ಅದು ಅಲ್ಲಿ ತಾನಾಗಿ ಸರಿಯಾಗಿ ಮರಿ ಮಾಡುವುದಿಲ್ಲ. ಹಾಗಾಗಿ ನೂರಾರು ಮೈಲು ಉದ್ದಕ್ಕೂ ಸಾಕಣೆದಾರರು ಇಂಥ ಕೆಲವೇ ಕೇಂದ್ರಗಳ ಮರಿಗಳನ್ನು ನೆಚ್ಚಿಕೊಂಡಿದ್ದಾರೆ. ಮರಿಗಳು ಎಷ್ಟು ಸಣ್ಣವೆಂದರೆ ಒಂದು ಚೆಂಡಿನ ಗಾತ್ರದ ಉಂಡೆಯಲ್ಲಿ ಲಕ್ಷಗಟ್ಟಲೆ ಇರುತ್ತವೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ತಣ್ಣಗಿಟ್ಟು ಪಾರ್ಸೆಲ್ ಕಳಿಸುತ್ತಾರೆ.

2007, 2008ರ ಸುಮಾರಿಗೆ ಆ ತೊಟ್ಟಿಗಳಲ್ಲಿ ಮರಿಗಳು ಸಾಯತೊಡಗಿದವು. ಒಂದೆರಡಲ್ಲ, ತೊಟ್ಟಿಗೆ ತೊಟ್ಟಿಯೇ ಖಾಲಿಯಾಗುತ್ತಿತ್ತು. ಉತ್ಪಾದನೆ ಮುಕ್ಕಾಲು ಪಾಲಿನಷ್ಟು ಬಿದ್ದುಹೋಯಿತು. ಅದೇ ವರ್ಷಗಳಲ್ಲಿ ಉತ್ತರಕ್ಕಿರುವ ವಾಷಿಂಗ್ಟನ್ ರಾಜ್ಯದ ವಿಲಾಪಾ ಕೊಲ್ಲಿಯಲ್ಲಿ, ಸಿಂಪಿ ತಾನಾಗಿ ಮರಿ ಮಾಡುತ್ತಿದ್ದ ಅಪರೂಪದ ಜಾಗದಲ್ಲಿ, ಮರಿ ನಿಲ್ಲುವುದೇ ನಿಂತಿತು.

ಮೊದಲು ಎಲ್ಲರೂ ಅನುಮಾನಪಟ್ಟಿದ್ದು ರೋಗವನ್ನು. ಸಿಂಪಿ ಮರಿಗಳನ್ನು ಕೊಲ್ಲುವ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇದೆ. ಅದು ನೀರಿನಲ್ಲಿ ಸಿಕ್ಕಿತು ಕೂಡ. ಕಳ್ಳ ಸಿಕ್ಕಿದ ಎಂದುಕೊಂಡು ಹಣ ಖರ್ಚು ಮಾಡಿ ನೀರನ್ನು ಶುದ್ಧಮಾಡುವ ವ್ಯವಸ್ಥೆ ಹಾಕಿದರು. ಬ್ಯಾಕ್ಟೀರಿಯಾ ಹೋಯಿತು. ಮರಿಗಳು ಸಾಯುವುದು ಮಾತ್ರ ನಿಲ್ಲಲಿಲ್ಲ.

ಇಲ್ಲಿ ನನ್ನ ಕಸುಬಿನ ಒಂದು ಮಾತು. ಸಾಫ್ಟ್‌ವೇರ್‌ನಲ್ಲಿ ನಮಗೆ ಇದು ದಿನದ ಅನುಭವ. ಒಮ್ಮೆ ನಾವು ನೋಡಿಕೊಳ್ಳುತ್ತಿದ್ದ ವ್ಯವಸ್ಥೆಯೊಂದು ಕೆಲವು ರಾತ್ರಿ ಮಾತ್ರ ನಿಂತುಹೋಗುತ್ತಿತ್ತು. ನಾನು ಮೂರು ವಾರ ಬೇರೆ ತಂಡದವರ ಪ್ರೋಗ್ರಾಮಿನ ಮೇಲೆ ತಪ್ಪು ಹೊರಿಸಿದೆ. ಅದರಲ್ಲಿ ಒಂದು ತಪ್ಪು ಇತ್ತು ಕೂಡ, ಅದನ್ನು ಸರಿಪಡಿಸಿದರು. ಆದರೂ ಅದು ನಿಲ್ಲುತ್ತಲೇ ಇತ್ತು. ಕೊನೆಗೆ ಯಂತ್ರವೇ ಪ್ರತಿ ನಿಮಿಷಕ್ಕೆ ಬರೆದಿಟ್ಟಿದ್ದ ದಾಖಲೆಯನ್ನು ಸಾಲುಸಾಲಾಗಿ ಓದಿದಾಗ ತಪ್ಪು ನನ್ನದೇ ಎಂದು ತಿಳಿಯಿತು. ಒಂದು ತಪ್ಪು ಸಿಕ್ಕಿತು ಎಂದ ಮಾತ್ರಕ್ಕೆ ಅದೇ ಕಾರಣ ಎಂದಲ್ಲ. ಅದನ್ನು ಹೇಳುವುದು ದಾಖಲೆ ಮಾತ್ರ.

ಓರೆಗಾನಿನಲ್ಲೂ ಹಾಗೆಯೇ ಆಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಅಲನ್ ಬಾರ್ಟನ್ ಎಂಬವರು ಮರಿಗಳು ಯಾವಾಗ ಸಾಯುತ್ತವೆ ಎಂದು ಗಮನಿಸಿದರು. ಬೇಸಿಗೆಯಲ್ಲಿ ಉತ್ತರದ ಗಾಳಿ ಜೋರಾಗಿ ಬೀಸಿ, ಕೊಲ್ಲಿಗೆ ತಣ್ಣನೆಯ ನೀರು ಬಂದ ದಿನಗಳಲ್ಲಿ ಸಾವು ಹೆಚ್ಚುತ್ತಿತ್ತು. ಆ ನೀರಿನಲ್ಲಿ ಏನಿದೆ ಎಂದು ಕಂಡುಹಿಡಿಯಲು ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಮುದ್ರ ವಿಜ್ಞಾನಿ ಬರ್ಕ್ ಹೇಲ್ಸ್ ಜೊತೆಯಾದರು. ಹೇಲ್ಸ್ ಸಮುದ್ರದ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವುದರಲ್ಲಿ ಪಳಗಿದವರು. ಅವರು ಕಟ್ಟಿದ ಯಂತ್ರ ಹರಿಯುವ ನೀರನ್ನು ಎಡೆಬಿಡದೆ ಅಳೆಯುತ್ತದೆ. ಪ್ರೀತಿಯಿಂದ ಅದಕ್ಕೆ ಅವರದೇ ಹೆಸರು ಸೇರಿಸಿ 'ಬರ್ಕೊಲೇಟರ್' ಎಂದು ಕರೆಯುತ್ತಾರೆ.

ಆ ನೀರು ಎಲ್ಲಿಂದ ಬಂದಿತ್ತು? ಉತ್ತರದ ಗಾಳಿ ಬೀಸಿದಾಗ, ಭೂಮಿ ತಿರುಗುವ ಕಾರಣದಿಂದ, ಮೇಲಿನ ನೀರು ದಡದಿಂದ ದೂರ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಮೇಲೆ ಸತ್ತ ಜೀವಿಗಳು ಆಳಕ್ಕೆ ಬಿದ್ದು ಕೊಳೆಯುತ್ತಲೇ ಇರುವುದರಿಂದ ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಇದು ಪ್ರಕೃತಿಯ ಹಳೆಯ ಕ್ರಮ. ಹೊಸದೇನೆಂದರೆ, ಆ ಸಹಜ ಪ್ರಮಾಣದ ಮೇಲೆ ಮನುಷ್ಯರು ಕಲ್ಲಿದ್ದಲು, ಪೆಟ್ರೋಲು ಸುಟ್ಟು ಗಾಳಿಗೆ ಬಿಟ್ಟದ್ದೂ ಸೇರಿಕೊಂಡಿತು. ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಸಿಯಾಟಲ್‌ನ ವಿಜ್ಞಾನಿ ರಿಚರ್ಡ್ ಫೀಲಿ ಮತ್ತು ಸಂಗಡಿಗರು 2007ರಲ್ಲಿ ಹಡಗಿನಲ್ಲಿ ಆ ಕರಾವಳಿಯುದ್ದಕ್ಕೂ ಅಳೆದು, ಚಿಪ್ಪಿಗೆ ಒಗ್ಗದ ಅಂಥ ನೀರು ದಡದ ಹತ್ತಿರದವರೆಗೂ ಬರುತ್ತಿದೆ ಎಂದು ಮರುವರ್ಷ ಪ್ರಕಟಿಸಿದರು.

ಅವರ ಬರಹದಲ್ಲಿದ್ದ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗಿಲ್ಲ. ಹಾಗೆ ಮೇಲೆದ್ದ ನೀರು ಕೊನೆಯ ಬಾರಿ ಹೊರಗಿನ ಗಾಳಿಯನ್ನು ಮುಟ್ಟಿದ್ದು ಸುಮಾರು 50 ವರ್ಷಗಳ ಹಿಂದೆ! ಅಷ್ಟು ಕಾಲ ಅದು ಆಳದಲ್ಲಿ ನಿಧಾನವಾಗಿ ಹರಿದು ಬಂದಿತ್ತು. ಇಂದು ನಾವು ಶಾಲೆಯ 50 ವರ್ಷ ಆಚರಿಸುತ್ತಿದ್ದೇವೆ. ಈ ಶಾಲೆಯ ಮೊದಲ ತರಗತಿ ನಡೆದ ಕಾಲದಲ್ಲಿ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 330 ಭಾಗ ಇತ್ತು. ಈಗ 420 ದಾಟಿದೆ. ಇದು ನಮಗೆ ಹೇಗೆ ಗೊತ್ತು? ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿ ದ್ವೀಪದ ಬೆಟ್ಟವೊಂದರ ಮೇಲೆ ಅಳೆಯಲು ಶುರುಮಾಡಿದ್ದರಿಂದ. ಇಂದು ಗಾಳಿಯಿಂದ ಆಳಕ್ಕೆ ಇಳಿದ ನೀರು ಮುಂದೆ ಮೇಲೇಳುವಾಗ ಈ ಶಾಲೆ ನೂರರ ಹತ್ತಿರ ಇರುತ್ತದೆ. ಆಗ ಬರುವ ನೀರು ಇನ್ನೂ ಕಠಿಣವಾಗಿರುತ್ತದೆ. ಆ ಲೆಕ್ಕ ಈಗಾಗಲೇ ಬರೆದಾಗಿದೆ.

ಮರಿಗಳು ಸತ್ತಿದ್ದಾದರೂ ಹೇಗೆ? ಅಕ್ಕೋರ ನಿಂಬೆರಸದ ಪ್ರಯೋಗ ನೆನಪಿಸಿಕೊಂಡು ಚಿಪ್ಪು ಕರಗಿರಬೇಕು ಎಂದು ನಾನು ತಿಳಿದಿದ್ದೆ. ಅದು ಪೂರ್ತಿ ಸರಿಯಲ್ಲ. ಅದೇ ವಿಶ್ವವಿದ್ಯಾಲಯದ ಜಾರ್ಜ್ ವಾಲ್ಡ್‌ಬಸರ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಸಿಂಪಿಯ ಮರಿ ಹುಟ್ಟಿದ ಮೊದಲ 48 ಗಂಟೆಗಳೊಳಗೆ ತನ್ನ ಮೊದಲ ಚಿಪ್ಪನ್ನು ಕಟ್ಟಿಕೊಳ್ಳಬೇಕು. ಆಗ ಅದಕ್ಕೆ ಸರಿಯಾಗಿ ತಿನ್ನುವುದಕ್ಕೂ ಬರುವುದಿಲ್ಲ. ತಾಯಿ ಮೊಟ್ಟೆಯಲ್ಲಿ ಕಟ್ಟಿಕೊಟ್ಟ ಬುತ್ತಿಯೇ ಅದರ ಬಂಡವಾಳ. ಚಿಪ್ಪು ಕಟ್ಟಲು ನೀರಿನಲ್ಲಿ ಕಾರ್ಬೊನೇಟ್ ಬೇಕು. ಇಂಗಾಲದ ಡೈಆಕ್ಸೈಡ್ ಹೆಚ್ಚು ಕರಗಿದಷ್ಟೂ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಕಲ್ಲು ಸುಲಭವಾಗಿ ಸಿಗದ ಊರಲ್ಲಿ ಮನೆ ಕಟ್ಟಿದ ಹಾಗೆ, ಅದೇ ಚಿಪ್ಪಿಗೆ ಮರಿ ದುಪ್ಪಟ್ಟು ದುಡಿಯಬೇಕಾಗುತ್ತದೆ. ಮನೆ ಮುಗಿಯುವ ಮೊದಲೇ ಬುತ್ತಿ ಮುಗಿಯುತ್ತದೆ. ಮರಿ ಸಾಯುವುದು ಆ ಬಳಲಿಕೆಯಿಂದ. ಅದು ಕೂಡಲೇ ಕಾಣುವುದೂ ಇಲ್ಲ, ಕೆಲವೊಮ್ಮೆ ವಾರ ಕಳೆದ ಮೇಲೆ ಸಾಯುತ್ತದೆ. ಹಾಗಾಗಿಯೇ ಕಾರಣ ಹಿಡಿಯುವುದು ಅಷ್ಟು ಕಷ್ಟವಾಯಿತು.

ಕಾರಣ ತಿಳಿದ ಮೇಲೆ ಮಾಡಿದ ಉಪಾಯ ಸರಳವಾಗಿತ್ತು. ನೆಟಾರ್ಟ್ಸ್ ಕೊಲ್ಲಿಯ ತಳದಲ್ಲಿ ಸಮುದ್ರ ಹುಲ್ಲು ಬೆಳೆಯುತ್ತದೆ. ಹಗಲು ಬಿಸಿಲಿಗೆ ಅದು ದ್ಯುತಿಸಂಶ್ಲೇಷಣೆ ಮಾಡಿ ನೀರಿನ ಇಂಗಾಲದ ಡೈಆಕ್ಸೈಡ್ ಹೀರುತ್ತದೆ, ರಾತ್ರಿ ಮತ್ತೆ ಬಿಡುತ್ತದೆ. ಆದ್ದರಿಂದ ಬೆಳಗಿನ ನೀರು ಕೆಟ್ಟದ್ದು, ಮಧ್ಯಾಹ್ನ ಕಳೆದ ಮೇಲಿನ ನೀರು ಒಳ್ಳೆಯದು. ಅವರು ತೊಟ್ಟಿ ತುಂಬುವ ಹೊತ್ತನ್ನೇ ಬದಲಾಯಿಸಿದರು. ಜೊತೆಗೆ ಯಂತ್ರ ತೋರಿಸುವ ಲೆಕ್ಕ ನೋಡಿಕೊಂಡು ನೀರಿಗೆ ಸೋಡಿಯಂ ಕಾರ್ಬೊನೇಟ್ ಬೆರೆಸಿದರು. ಅದು ನಮ್ಮ ಬಟ್ಟೆ ಒಗೆಯುವ ಸೋಡಾವೇ. ಮರಿಗಳು ಮತ್ತೆ ಉಳಿಯತೊಡಗಿದವು. 2012ರಲ್ಲಿ ಬಾರ್ಟನ್, ಹೇಲ್ಸ್ ಮತ್ತು ಸಂಗಡಿಗರು ಇದನ್ನು ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಬರಹದ ಮೊದಲ ಹೆಸರು ತೊಟ್ಟಿಯ ಪಕ್ಕ ಕೆಲಸ ಮಾಡುತ್ತಿದ್ದ ಬಾರ್ಟನ್ನರದು ಎಂಬುದನ್ನು ಮಕ್ಕಳು ಗಮನಿಸಬೇಕು. ತೊಟ್ಟಿಗೆ ಸೋಡಾ ಹಾಕಬಹುದು, ಸಮುದ್ರಕ್ಕೆ ಹಾಕಲಾಗದು ಎಂಬುದನ್ನು ದೊಡ್ಡವರು ಗಮನಿಸಬೇಕು.

ಇನ್ನು ನಮ್ಮ ಅಘನಾಶಿನಿಗೆ ಬರೋಣ. ಅಲ್ಲಿಯ ಕಾರಣವನ್ನೇ ಇಲ್ಲಿಯ ಅಳಿವೆಗೆ ಅಂಟಿಸಲು ನಾನು ಬಂದಿಲ್ಲ. ಅಲ್ಲಿ ತೊಟ್ಟಿಯಲ್ಲಿ ಸಾಕುತ್ತಾರೆ, ಇಲ್ಲಿ ಹೊಳೆ ತಾನೇ ಸಾಕುತ್ತದೆ. ಆದರೆ ಮಳೆಗಾಲದಲ್ಲಿ ನಮ್ಮ ಅರಬ್ಬೀ ಸಮುದ್ರದ ದಡದಲ್ಲೂ ಆಳದ ನೀರು ಮೇಲೇಳುತ್ತದೆ. ಅದರ ಸಾರದಿಂದಲೇ ಬಂಗಡೆ, ಭೂತಾಯಿಗಳಿಗೆ ಮೇವು. ಅದರಲ್ಲೂ ಆಮ್ಲಜನಕ ಕಡಿಮೆ ಎಂಬುದನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಅಳೆದು ತೋರಿಸಿದ್ದಾರೆ. ಇದರ ಮೇಲೆ ನಮ್ಮ ಚಿಪ್ಪಿಗೆ ಬೇರೆ ಕಷ್ಟಗಳೂ ಇವೆ. ಮಳೆಗಾಲದ ಸಿಹಿನೀರು ಬಹಳ ದಿನ ನಿಂತರೆ ಉಪ್ಪಿನಂಶ ಇಳಿದು ಸಾಯುತ್ತವೆ. ಮರಳು ತೆಗೆದರೆ ನೆಲೆ ಹೋಗುತ್ತದೆ. ಸಣ್ಣ ಚಿಪ್ಪಿಯನ್ನೂ ಬಿಡದೆ ಬಾಚಿದರೆ ಮುಂದಿನ ವರ್ಷಕ್ಕೆ ಬೀಜವಿರುವುದಿಲ್ಲ.

ಈ ಅಳಿವೆಯ ಚಿಪ್ಪಿಯ ಬೆಲೆ ಎಷ್ಟೆಂದು ನಮಗೆ ಹೇಳಿದವರು ಹೊರಗಿನವರು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಇಲ್ಲಿ ಓಡಾಡಿ ಲೆಕ್ಕ ಹಾಕಿದರು. ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿ, ಸುಮಾರು ಐದೂಮುಕ್ಕಾಲು ಕೋಟಿ ರೂಪಾಯಿ, 2,300ಕ್ಕೂ ಹೆಚ್ಚು ಜನರ ದುಡಿಮೆ! ಆ 2,300 ಜನರಲ್ಲಿ ಒಬ್ಬಳು ನನ್ನ ಅಮ್ಮ. ನನ್ನ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಶುಲ್ಕ, ಪಿಯುಸಿಯ ಬಸ್ ಪಾಸು, ಬಿ.ಇ.ಯ ಮೊದಲ ವರ್ಷದ ಹಾಸ್ಟೆಲ್ ಹಣ ಎಲ್ಲವೂ ಈ ಕೆಸರಿನಿಂದ ಬಂದವು. ನಾಚಿಕೆಯಿಂದ ತರಗತಿಗೆ ತರದೆ ಬಿಟ್ಟ ಚಿಪ್ಪಿಯೇ ನನ್ನನ್ನು ಓದಿಸಿತು. ಅಮ್ಮ ಇಲ್ಲಿಯೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅಂದು ಅಕ್ಕೋರಿಗೆ ಹೇಳಿದ ಸುಳ್ಳನ್ನು ಇಂದು ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ.

ಅಣೆಕಟ್ಟು ಇಲ್ಲದೆ ಹರಿಯುವ ನಮ್ಮ ಹೊಳೆಯ ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳಲ್ಲಿ ಇದೂ ಒಂದು ಎಂದು ಅದರರ್ಥ. ಸಂತೋಷದ ಸಂಗತಿ. ಆದರೆ ಪಟ್ಟಿ ಕಾಯುವುದಿಲ್ಲ, ಜನ ಕಾಯಬೇಕು. ಗಜನಿ, ಕಾಂಡ್ಲ ಕಾಡು, ಚಿಪ್ಪಿ, ಮೀನು ಒಂದಕ್ಕೊಂದು ಕಟ್ಟಿಕೊಂಡಿವೆ. ಕಾಂಡ್ಲದ ಬೇರಿನ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ. ಚಿಪ್ಪಿಗಳು ನೀರನ್ನು ಸೋಸುತ್ತಲೇ ತಿನ್ನುತ್ತವೆ. ಅನುಕೂಲವಿದ್ದರೆ ಒಂದು ದೊಡ್ಡ ಸಿಂಪಿ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಸೋಸಬಲ್ಲದು.

ಈ ಊರಿನ ಹಿರಿಯರಿಗೆ ನೀರಿನ ಬಗ್ಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಇಲ್ಲ. "ಮೊದಲು ಇಲ್ಲಿ ದೊಡ್ಡ ಚಿಪ್ಪಿ ಸಿಗುತ್ತಿತ್ತು, ಈಗ ಇಲ್ಲ" ಎಂದು ಅಮ್ಮ ಹೇಳುತ್ತಾಳೆ. ಮೊದಲು ಎಂದರೆ ಯಾವ ವರ್ಷ, ಎಷ್ಟು ದೊಡ್ಡದು ಎಂದು ಕೇಳಿದರೆ ಉತ್ತರವಿಲ್ಲ. ನಾಳೆ ಯಾವುದೋ ಯೋಜನೆ ಬಂದು, ಇಲ್ಲಿ ಮೊದಲಿನಿಂದಲೂ ಹೀಗೇ ಇತ್ತು ಎಂದು ಯಾರಾದರೂ ಹೇಳಿದರೆ, ಇಲ್ಲ ಎನ್ನಲು ನಮ್ಮ ಕೈಯಲ್ಲಿ ಒಂದು ಹಾಳೆಯೂ ಇಲ್ಲ.

ಅದಕ್ಕೆ ಈ ಶಾಲೆಗೆ ನನ್ನದೊಂದು ಕೋರಿಕೆ. ಒಂದು ದಪ್ಪ ರಿಜಿಸ್ಟರ್ ತೆರೆಯೋಣ. ಪ್ರತಿ ಶನಿವಾರ, ಶಿಕ್ಷಕರ ಜೊತೆಯಲ್ಲಿ, ನಾಲ್ಕು ಮಕ್ಕಳು ದಕ್ಕೆಗೆ ಹೋಗಲಿ. ನೀರಿಗೆ ಇಳಿಯುವುದು ಬೇಡ, ಬಕೆಟ್ಟಿನಲ್ಲಿ ನೀರು ಎತ್ತಿದರೆ ಸಾಕು. ನೀರಿನ ಉಷ್ಣತೆ, ಉಪ್ಪಿನಂಶ, ಗಡಿಯಾರದ ಹೊತ್ತು, ಉಬ್ಬರವೋ ಇಳಿತವೋ ಎಂಬುದು, ಇಷ್ಟನ್ನು ಬರೆಯಲಿ. ಅಂದು ಚಿಪ್ಪಿ ಆರಿಸಿ ಬಂದ ಇಬ್ಬರನ್ನು ಕೇಳಿ ಎಷ್ಟು ಬುಟ್ಟಿ ಸಿಕ್ಕಿತು, ಸತ್ತ ಚಿಪ್ಪಿ ಹೆಚ್ಚಿತ್ತೇ ಎಂದು ಬರೆಯಲಿ. ಹತ್ತು ಚಿಪ್ಪಿಗಳ ಅಗಲವನ್ನು ಸ್ಕೇಲಿನಲ್ಲಿ ಅಳೆಯಲಿ. ಸಮುದ್ರ ಆಮ್ಲದ ಕಡೆಗೆ ವಾಲುವುದನ್ನು ಶಾಲೆಯ ಪಿಎಚ್ ಕಾಗದ ಹಿಡಿಯಲಾರದು. ಕೈಗಾರಿಕೆಗಳ ಯುಗ ಶುರುವಾದಾಗಿನಿಂದ ಸಾಗರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ನೋಡಲು ಚಿಕ್ಕದು, ಆದರೆ ಆಮ್ಲತೆ ಕಾಲು ಭಾಗಕ್ಕಿಂತ ಹೆಚ್ಚು ಏರಿದೆ ಎಂದು ಅದರ ಅರ್ಥ. ಅದನ್ನು ಅಳೆಯಲು ಒಳ್ಳೆಯ ಉಪಕರಣ ಬೇಕು, ಅದು ವಿಜ್ಞಾನಿಗಳ ಕೆಲಸ. ಆದರೆ ಹತ್ತು ವರ್ಷದ ಉಪ್ಪು, ಉಷ್ಣತೆ, ಬುಟ್ಟಿಗಳ ಲೆಕ್ಕ ನಮ್ಮಲ್ಲಿದ್ದರೆ, ಯಾವ ವಿಜ್ಞಾನಿಯೂ ನಮ್ಮ ಶಾಲೆಯ ಬಾಗಿಲಿಗೆ ಬಂದು ಅದನ್ನು ಕೇಳುತ್ತಾರೆ.

ಉಪ್ಪಿನಂಶ ಅಳೆಯುವ ಉಪಕರಣ, ಉಷ್ಣತಾಮಾಪಕ, ರಿಜಿಸ್ಟರ್ ಇವಿಷ್ಟರ ಖರ್ಚು ನಮ್ಮ ಬ್ಯಾಚಿನದು. ನಾವು ಹನ್ನೊಂದು ಜನ ಸೇರಿ ಒಪ್ಪಿದ್ದೇವೆ. ಬರೆದದ್ದನ್ನು ಪ್ರತಿ ತಿಂಗಳು ಕಂಪ್ಯೂಟರಿಗೆ ಏರಿಸಿ, ನಕ್ಷೆ ಬರೆದು, ಶಾಲೆಯ ಗೋಡೆಗೆ ಹಾಕಲು ಕಳಿಸುವುದು ನನ್ನ ಕೆಲಸ. ನನಗೆ ಬರುವುದು ಅದೊಂದೇ, ಅದನ್ನು ಮಾಡುತ್ತೇನೆ. ಮಳೆಗೆ ಒಂದು ಶನಿವಾರ ತಪ್ಪಿದರೆ ತಪ್ಪಿತು ಎಂದೇ ಬರೆಯಿರಿ, ಊಹಿಸಿ ತುಂಬಬೇಡಿ. ಖಾಲಿ ಬಿಟ್ಟ ಸಾಲಿಗೂ ಬೆಲೆಯಿದೆ, ಸುಳ್ಳು ಸಾಲಿಗೆ ಇಲ್ಲ. ಇದು ಸುಳ್ಳು ಹೇಳಿದ ಹಳೆಯ ವಿದ್ಯಾರ್ಥಿಯ ಅನುಭವದ ಮಾತು.

ಮಕ್ಕಳೇ, ಕೆಲಸ ಹಿಡಿಯುವ ಬಗ್ಗೆ ಹೇಳು ಎಂದಿದ್ದರಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಸಾಫ್ಟ್‌ವೇರ್ ಒಂದೇ ದಾರಿಯಲ್ಲ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಕಾರವಾರದಲ್ಲಿ ಸಮುದ್ರ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. ಚಿಪ್ಪಿ ಆರಿಸುವವರ ಮನೆಯ ಹುಡುಗಿ ಅಲ್ಲಿಗೆ ಹೋದರೆ, ಮೊದಲ ದಿನವೇ ಅವಳಿಗೆ ಉಳಿದವರಿಗಿಂತ ಹೆಚ್ಚು ಗೊತ್ತಿರುತ್ತದೆ. ಮನೆಯ ಹಿಂದಿನ ಚಿಪ್ಪಿನ ರಾಶಿಯನ್ನು ಯಾರೂ ಅಡಗಿಸಬೇಕಾಗಿಲ್ಲ. ನಾಳೆ ಅಕ್ಕೋರು ಒಂದು ಚಿಪ್ಪು ತನ್ನಿ ಎಂದರೆ, ದಯವಿಟ್ಟು ಎರಡು ತನ್ನಿ.

ನನ್ನನ್ನು ಓದಿಸಿದ ಈ ಶಾಲೆಗೆ, ಗುರುಗಳಿಗೆ, ಈ ಅಳಿವೆಗೆ, ನನ್ನ ಅಮ್ಮನಿಗೆ ನಮಸ್ಕಾರ.